ಸದ್ದಿಲ್ಲದ ಬ್ರೇಕು

ದೀಪ ಆರಿಸಬೇಡಿ, ಉರಿಯಲಿ. ಆ ಕಿಟಕಿ ಮಾತ್ರ ಸ್ವಲ್ಪ ಮುಚ್ಚಿ... ಹಾಂ, ಸಾಕು.

ಇದು ಯಾರೋ ಯಾರಿಗೋ ಹೇಳಿ, ಬಾಯಿಂದ ಬಾಯಿಗೆ ದಾಟಿ ಬಂದದ್ದಲ್ಲ. ನಮ್ಮ ಪಕ್ಕದ ಮನೆಯಲ್ಲಿ ಆದದ್ದು. ನಮಗೂ ಅವರಿಗೂ ನಡುವೆ ಒಂದು ಅಂಜೂರದ ಮರ, ಅಷ್ಟೇ ಅಂತರ. ಆ ಮನೆಯ ಜಿಸಿಸನ ಹೆಂಡತಿ ಅರೆತಿಗೆ ಆದದ್ದು. ನಂಬುವವರು ನಂಬಲಿ, ನಗುವವರು ನಗಲಿ. ನಕ್ಕವರು ಆಮೇಲೆ ಘಟ್ಟ ದಾಟಿ ಮನೆಗೆ ಹೋಗಬೇಕಲ್ಲ, ಆಗ ನೋಡೋಣ.

ಅರೆತಿ ಪಾತ್ರಾ ಪಟ್ಟಣದ ಹುಡುಗಿ. ಸಮುದ್ರದ ದಂಡೆಯ ಚಪ್ಪಟೆ ರಸ್ತೆಯಲ್ಲಿ ಕಾರು ಕಲಿತವಳು. ಮದುವೆಯಾಗಿ ನಮ್ಮ ಬೆಟ್ಟಕ್ಕೆ ಬಂದ ಮೇಲೆಯೇ ತಿರುವು ಅಂದರೆ ಏನು ಅಂತ ಅವಳಿಗೆ ಗೊತ್ತಾಗಿದ್ದು. ಗಂಡನಿಗೆ ಹಡಗಿನ ಇಂಜಿನ್ ಕೋಣೆಯಲ್ಲಿ ಕೆಲಸ. ಮನೆಯಲ್ಲಿದ್ದದ್ದಕ್ಕಿಂತ ನೀರಿನ ಮೇಲಿದ್ದದ್ದೇ ಹೆಚ್ಚು. ಇವಳಿಗೆ ಘಟ್ಟದಾಚೆಯ ಆರ್ತಾ ಪೇಟೆಯ ಒಂದು ಚೀಸ್ ಡೈರಿಯಲ್ಲಿ ಕೆಲಸ. ಮಕ್ಕಳಿಲ್ಲದೆ ನಮ್ಮೂರ ಶಾಲೆಗೆ ಬೀಗ ಬಿದ್ದು ಬಹಳ ಕಾಲವಾಗಿದೆ. ಹಾಗಾಗಿ ಮಗಳು ರಿನಿಯನ್ನೂ ಆರ್ತಾದ ಶಿಶುವಿಹಾರಕ್ಕೇ ಸೇರಿಸಿದ್ದಳು. ಬೆಳಿಗ್ಗೆ ತಾಯಿ ಮಗಳು ಒಟ್ಟಿಗೆ ಹೋಗುವುದು, ಕತ್ತಲಾದ ಮೇಲೆ ಒಟ್ಟಿಗೆ ಬರುವುದು. ಮಳೆ ಇರಲಿ, ಮಂಜು ಇರಲಿ, ದಿನಾ ಅದೇ ಹಳೇ ಬೂದು ಕಾರು, ಅದೇ ರಸ್ತೆ.

ಆರ್ತಾದಿಂದ ರಸ್ತೆ ಘಟ್ಟ ಹತ್ತುತ್ತದೆ. ನೆತ್ತಿಗೆ ಬಂದು ಆಚೆ ಬದಿಗೆ ಇಳಿಯುತ್ತದೆ. ಇಳಿದ ತಳದಲ್ಲಿ ನಮ್ಮೂರು. ಆ ಇಳಿಜಾರಿನ ನಟ್ಟನಡುವೆ ಚಿನಾರ್ ಮರದ ತಿರುವು. ಮರದ ಪೊಟರೆಯೊಳಗೆ ಹಿಂದೆ ಕತ್ತೆ ಕಟ್ಟುತ್ತಿದ್ದರಂತೆ, ಅಷ್ಟು ಹಳೆಯದು. ಬುಡದಲ್ಲಿ ಕಲ್ಲಿನ ಬಾಯಿಂದ ಊಟೆಯ ನೀರು ಬೀಳುತ್ತದೆ... ಗುಳು, ಗುಳು, ಗುಳು... ಬೇಸಗೆಯಲ್ಲೂ ನಿಲ್ಲುವುದಿಲ್ಲ. ಪಕ್ಕದಲ್ಲಿ ಕಬ್ಬಿಣದ ಕಂಬ, ಕಂಬದ ಮೇಲೆ ಗಾಜಿನ ಬಾಗಿಲಿನ ಪುಟ್ಟ ಗೂಡು. ಒಳಗೆ ಎಣ್ಣೆ ದೀಪ, ಒಬ್ಬ ಸಂತನ ಚಿತ್ರ. ರಸ್ತೆಯಲ್ಲಿ ಸತ್ತವರಿಗೆ ನಮ್ಮ ಕಡೆ ಹಾಗೆ ಗೂಡಿಡುತ್ತಾರೆ. ಅರೆತಿಯ ಅತ್ತೆ ಲಂಬ್ರಿನಿ ಪ್ರತಿ ಶನಿವಾರ ನಡೆದುಕೊಂಡು ಹೋಗಿ ಅದಕ್ಕೆ ಎಣ್ಣೆ ಹಾಕಿ ಬರುತ್ತಿದ್ದಳು. ಯಾರ ಹೆಸರಿಗೆ ಅಂತ ಸೊಸೆ ಕೇಳಿರಲಿಲ್ಲ. ಅತ್ತೆ ಹೇಳಿರಲಿಲ್ಲ.

ನಮ್ಮೂರವರು ಯಾರೇ ಆ ತಿರುವು ದಾಟಲಿ, ಎದೆಗೆ ಶಿಲುಬೆ ಗುರುತು ಮಾಡಿ ಎರಡು ಸಲ ಹಾರನ್ ಒತ್ತುತ್ತಾರೆ. ಅರೆತಿ ಶಿಲುಬೆ ಮಾಡುತ್ತಿದ್ದಳು, ಹಾರನ್ ಮಾತ್ರ ಒತ್ತುತ್ತಿರಲಿಲ್ಲ. ಹಿಂದೆ ಮಗು ಮಲಗಿರುತ್ತದಲ್ಲ. ಸತ್ತವನಿಗೆ ನಮಸ್ಕಾರ ಹೇಳಲು ಪೀಪಿ ಊದಬೇಕೇ ಅಂತ ಅವಳ ತರ್ಕ. ಹಾಗಂತ ಅವಳ ಕಾರೇನೂ ಸುಮ್ಮನೆ ಹೋಗುತ್ತಿರಲಿಲ್ಲ. ಇಳಿಜಾರಿನಲ್ಲಿ ಬ್ರೇಕು ಮೊದಲಿಂದಲೂ ಗರಗರ ಅನ್ನುತ್ತಿತ್ತು. ಚಳಿಗಾಲ ಕಾಲಿಟ್ಟ ಹೊತ್ತಿಗೆ ಗರಗರ ಹೋಗಿ ಕಿರುಚಾಟ ಬಂತು. ಕಾಲು ಸೋಕಿಸಿದರೆ ಸಾಕು... ಕೀಂ... ಈಂ... ಈಂ... ಪಿಂಗಾಣಿ ತಟ್ಟೆಯ ಮೇಲೆ ಚಾಕು ಎಳೆದ ಹಾಗೆ.

ಹೀಗೇ ಒಂದು ಸಂಜೆ. ಗಾಳಿ ನಿಂತಿತ್ತು. ಮಂಜು ಮೆಲ್ಲಗೆ ರಸ್ತೆಗೆ ಇಳಿಯುತ್ತಿತ್ತು. ಅರೆತಿ ಚಿನಾರ್ ತಿರುವಿಗೆ ಬಂದು ಬ್ರೇಕ್ ಒತ್ತಿದಳು. ಕೀಂ... ಈಂ... ಕಾರಿನ ಬೆಳಕು ತಿರುಗಿತು. ರಸ್ತೆಯ ನಡುವಿನಿಂದ ಕಪ್ಪನೆಯದೊಂದು ಪಕ್ಕಕ್ಕೆ ಸರಿದು ಮರಕ್ಕೆ ಒತ್ತಿಕೊಂಡಿತು. ಮರದ ನೆರಳು. ದಿನಾ ಹಾಗೇ ಸರಿಯುತ್ತಿತ್ತು. ಬೆಳಕು ತಿರುಗಿದರೆ ನೆರಳು ಸರಿಯಲೇಬೇಕಲ್ಲ. ಅವಳು ಅದಕ್ಕೆ ತಲೆ ಕೆಡಿಸಿಕೊಂಡವಳಲ್ಲ. ತಲೆ ಕೆಟ್ಟಿದ್ದು ಹಿಂದೆ ಬೆಚ್ಚಿಬಿದ್ದು ಅಳಲು ಹತ್ತಿದ ರಿನಿಯಿಂದ.

ಮರುದಿನವೇ ಕಾರನ್ನು ಅಪೊಸ್ತೋಲಿಸನ ಗ್ಯಾರೇಜಿಗೆ ಒಯ್ದಳು. ಅಪೊಸ್ತೋಲಿಸ್ ನಮ್ಮೂರವನೇ, ಊರಿಗೆ ಮದುವೆಯಾಗಿ ಬಂದವರೆಲ್ಲ ಅವನಿಗೆ ಸೊಸೆಯರೇ. ಗ್ಯಾರೇಜು ಮಾತ್ರ ಆರ್ತಾದಲ್ಲಿ.

"ಏನ್ ಸೊಸೆ, ನಿನ್ನ ಕಾರು ಬರ್ತಿರೋದು ಸೇತುವೆ ಹತ್ರದಿಂದ್ಲೇ ಕೇಳಿಸ್ತು. ಹಂದಿ ಕೊಯ್ತಿದಾರೇನೋ ಅನ್ಕೊಂಡೆ," ಅಂತ ನಕ್ಕ.

ಮುಂದಿನ ಚಕ್ರ ಬಿಚ್ಚಿ, ಸವೆದ ಬ್ರೇಕ್ ಪ್ಯಾಡನ್ನು ಅವಳ ಕಣ್ಣ ಮುಂದೆ ಹಿಡಿದ. "ನೋಡು, ಈ ಪುಟ್ಟ ತಗಡು ಇದೆಯಲ್ಲ, ಇದು ಕಾವಲುಗಾರ. ಪ್ಯಾಡು ಸವೆದು ಇಷ್ಟಕ್ಕೆ ಬಂದ್ರೆ ಇದು ಚಕ್ರದ ಜೊತೆ ತಿರುಗೋ ಡಿಸ್ಕಿಗೆ ತಾಗಿ ಕಿರುಚತ್ತೆ. ನಂದು ಮುಗೀತು, ಬೇರೆ ಹಾಕ್ಸು ಅಂತ."

"ಇವತ್ತೇ ಹಾಕಿ. ಮಗು ತಿರುವು ತಿರುವಿಗೂ ಬೆಚ್ಚಿಬೀಳ್ತಿದೆ."

ಅವನು ಬೆಂಚಿನ ಮೇಲೆ ಡಬ್ಬಿಗಳನ್ನು ಇಟ್ಟ. ಒಂದನ್ನು ಬೆರಳಿನಿಂದಲೇ ಆಚೆ ತಳ್ಳಿದ. "ಇದು ಅಗ್ಗದ್ದು. ಪೇಟೆಯೊಳಗೆ ಓಡಾಡೋರಿಗೆ ನಡೆಯತ್ತೆ. ಘಟ್ಟ ಇಳೀವಾಗ ಕಾದುಬಿಟ್ರೆ ಎಷ್ಟು ಒತ್ತಿದ್ರೂ ಕಾರು ನಿನ್ನ ಮಾತು ಕೇಳಲ್ಲ. ಇದನ್ನ ಮರ್ತುಬಿಡು. ಇದು ನೋಡು, ಲೋಹದ ಪುಡಿ ಜಾಸ್ತಿ ಇರೋದು. ಇಷ್ಟು ದಿನ ಇದ್ದದ್ದೂ ಇದೇ ಜಾತಿ. ಕಾದಷ್ಟೂ ಕಚ್ಕೊಳ್ಳತ್ತೆ. ಚಕ್ರಕ್ಕೆ ಕಪ್ಪು ಪುಡಿ ಮೆತ್ತತ್ತೆ, ಡಿಸ್ಕನ್ನೂ ಬೇಗ ತಿನ್ನತ್ತೆ, ಒಂಚೂರು ಗರಗರ ಅನ್ನತ್ತೆ. ಅನ್ಲಿ ಬಿಡು. ಬೆಟ್ಟದೋರಿಗೆ ಇದೇ ಸರಿ."

"ಅದು?" ಅರೆತಿ ಕೊನೆಯ ಡಬ್ಬಿ ತೋರಿಸಿದಳು.

"ಸೆರಾಮಿಕ್ಕು." ಸ್ವಲ್ಪ ತಡೆದ. "ದಿನಾ ಓಡ್ಸೋ ಕಾರಿಗೆ ಒಳ್ಳೇದೇ. ಪುಡಿ ಇಲ್ಲ, ಗಲೀಜಿಲ್ಲ. ಸದ್ದೂ ಇಲ್ಲ."

"ಘಟ್ಟಕ್ಕೆ ಆಗಲ್ವಾ?"

"ಆಗತ್ತೆ. ಚಳೀಲಿ ಮೊದಲ ಒಂದೆರಡು ಸಲ ಮೆತ್ತಗೆ ಹಿಡಿಯತ್ತೆ, ಅಷ್ಟೇ."

"ಮತ್ಯಾಕೆ ಮುಖ ಹಿಂಗೆ ಮಾಡ್ಕೊಂಡಿದೀರಾ?"

"ನಿಮ್ಮತ್ತೇನ ಒಂದು ಮಾತು ಕೇಳ್ದ್ಯಾ?"

ಅರೆತಿಗೆ ನಗು ಬಂತು, ಸಿಟ್ಟೂ ಬಂತು. "ಅಲ್ಲಣ್ಣ, ಅಡುಗೆಮನೆ ಪರದೆ ಬಣ್ಣ ಅತ್ತೆ ಆರಿಸಿದ್ದು. ಮಗುಗೂ ಅತ್ತೆ ಹೆಸ್ರೇ, ಲಂಬ್ರಿನಿ ಅಂತಾನೇ ಇಟ್ಟಿದ್ದು, ರಿನಿ ಅನ್ನೋದು ಬರೀ ಮುದ್ದಿಗೆ. ಬ್ರೇಕಿಗೂ ಅತ್ತೇನೇ ಕೇಳ್ಬೇಕಾ? ಹಾಕಿ ನೀವು, ಅದನ್ನೇ."

ಹಾಕಿದ. ಹಳೆಯ ಪ್ಯಾಡುಗಳನ್ನು ಮೂಲೆಯ ತಗಡಿನ ಡಬ್ಬಕ್ಕೆ ಎಸೆದ... ಠಣ್... ಠಣ್. ಅವಳು ಕಾರಿಗೆ ಹತ್ತಿದ ಮೇಲೆ ಕಿಟಕಿಯ ಹತ್ತಿರ ಬಾಗಿದ. "ಡಿಸ್ಕಿಗೆ ಹೊಂದ್ಕೊಳ್ಳೋವರ್ಗೂ ಜೋರಾಗಿ ಒತ್ತಬೇಡ. ಮುಂಚೇನೇ, ನಯವಾಗಿ ಒತ್ತು." ಆಮೇಲೆ ದನಿ ತಗ್ಗಿಸಿ ಅಂದ, "ಚಿನಾರ್ ತಿರುವಲ್ಲಿ ಹಾರನ್ ಮಾಡು. ಮಗು ಎದ್ರೆ ಎದ್ಕೊಳ್ಳಿ."

ಯಾಕೆ ಅಂತ ಹೇಳಲಿಲ್ಲ. ನಮ್ಮೂರ ಗಂಡಸರದ್ದು ಇದೇ ಕತೆ. ಹೇಳಬೇಕಾದ್ದರಲ್ಲಿ ಅರ್ಧ ಹೇಳಿ ಉಳಿದದ್ದನ್ನು ಸಿಗರೇಟಿನ ಜೊತೆ ನುಂಗುತ್ತಾರೆ.

ಆ ಸಂಜೆ ನೆತ್ತಿ ದಾಟಿ ಇಳಿಯುವಾಗ ಅರೆತಿಗೆ ಹಾಯೆನ್ನಿಸಿತು. ಬ್ರೇಕು ಬೆಣ್ಣೆಯ ಹಾಗೆ. ಕಿರುಚಾಟ ಇಲ್ಲ, ಗರಗರ ಇಲ್ಲ. ಹಿಂದಿನ ಸೀಟಿನಲ್ಲಿ ರಿನಿಯ ಉಸಿರು ಕೂಡ ಕೇಳುತ್ತಿತ್ತು... ಸುಯ್... ಸುಯ್... ಇಷ್ಟು ನೆಮ್ಮದಿಗೆ ಅತ್ತೆಯನ್ನು ಕೇಳಬೇಕಿತ್ತಂತೆ! ಚಿನಾರ್ ತಿರುವು ಬಂತು. ಕೈ ಹಾರನ್ನಿನವರೆಗೆ ಹೋಯಿತು. ಮಗುವನ್ನು ಕನ್ನಡಿಯಲ್ಲಿ ನೋಡಿದಳು. ಕೈ ಹಿಂದೆ ಬಂತು.

ಕಾರಿನ ಬೆಳಕು ತಿರುಗಿತು.

ನೆರಳು ಸರಿಯಲಿಲ್ಲ.

ರಸ್ತೆಯ ನಡುವೆ ಯಾರೋ ನಿಂತಿದ್ದ. ಬೆನ್ನು ಈ ಕಡೆಗೆ. ಹೆಗಲಿಂದ ಹಿಮ್ಮಡಿಯವರೆಗೆ ಮೇಕೆಕೂದಲಿನ ಕಂಬಳಿ, ಕುರುಬರು ಹೊದೆಯುತ್ತಾರಲ್ಲ, ಅಂಥದ್ದು. ಮುಂಚೆಯೇ ನಯವಾಗಿ ಒತ್ತಿದ್ದಳಲ್ಲ, ಕಾರು ಸದ್ದಿಲ್ಲದೆ ಹೋಗಿ ಅವನ ಕಂಬಳಿಗೆ ಸೋಕುವಂತೆ ನಿಂತಿತು. ಆಗ ಅವಳಿಗೆ ಇನ್ನೊಂದು ಗೊತ್ತಾಯಿತು. ಊಟೆಯ ಸದ್ದಿಲ್ಲ. ಬೆಳಕಿನಲ್ಲಿ ನೀರು ಬೀಳುವುದು ಕಾಣುತ್ತಿದೆ. ಗುಳುಗುಳು ಇಲ್ಲ. ಏನೂ ಇಲ್ಲ.

ಅವನು ತಿರುಗಿದ. ಕಾರಿನ ಪಕ್ಕಕ್ಕೆ ಬಂದ. ಉಗುರಿನಿಂದ ಕಿಟಕಿ ತಟ್ಟಿದ... ಟಕ್... ಟಕ್.

ಅವಳು ಗಾಜನ್ನು ಎರಡು ಬೆರಳು ಇಳಿಸಿದಳು. ಒದ್ದೆ ಉಣ್ಣೆಯ ವಾಸನೆ ಒಳಗೆ ನುಗ್ಗಿತು.

"ನೀನು ಬಂದಿದ್ದು ಕೇಳಿಸ್ಲೇ ಇಲ್ಲ, ತಾಯಿ..." ಪಿಸುದನಿ. ಬೈಗುಳ ಅಲ್ಲ. ಕ್ಷಮೆ ಕೇಳುವ ಹಾಗೆ.

ಅರೆತಿಗೆ ನಾಚಿಕೆಯಾಯಿತು. ಕುರುಡುಗಣ್ಣಿನಲ್ಲಿ ಓಡಿಸಿ ಒಬ್ಬ ಮುದುಕನನ್ನು ಗುದ್ದಲಿದ್ದೆನಲ್ಲ ಅಂತ. ನಮ್ಮ ಬೆಟ್ಟದಲ್ಲಿ ಕತ್ತಲಲ್ಲಿ ನಡೆಯುವವರನ್ನು ಬಿಟ್ಟು ಮುಂದೆ ಹೋಗುವ ಪದ್ಧತಿ ಇಲ್ಲ. ಗೊತ್ತಿದ್ದವರೋ ಇಲ್ಲವೋ, ಹತ್ತಿಸಿಕೊಳ್ಳಬೇಕು. ನಮ್ಮಿಂದ ಬೇರೇನು ಕಲಿಯದಿದ್ದರೂ ಇದೊಂದನ್ನು ಹುಡುಗಿ ಚೆನ್ನಾಗಿ ಕಲಿತಿದ್ದಳು. ಏನು ಮಾಡೋಣ!

"ತಪ್ಪಾಯ್ತು ತಾತ. ಹತ್ಕೊಳ್ಳಿ, ಊರಿಗೆ ಬಿಡ್ತೀನಿ. ಮುಂದೆ ಸಾಮಾನಿದೆ, ಹಿಂದೆ ಕೂತ್ಕೊಳ್ಳಿ. ಮಗು ಮಲಗಿದೆ..."

ಹಿಂದಿನ ಬಾಗಿಲು ತೆರೆಯಿತು... ಟಕ್. ಸೀಟಿನ ಸ್ಪ್ರಿಂಗು... ಕಿರ್ರ್. ಬಾಗಿಲು ಮುಚ್ಚಿತು. ಅವನು ಕೂತದ್ದು ಎಡಬದಿಗೆ, ಸ್ಟೇರಿಂಗ್ ಇರುವ ಕಡೆಗೇ, ಅವಳ ಬೆನ್ನ ಹಿಂದೆ, ರಿನಿಯ ಪಕ್ಕಕ್ಕೆ.

ದಾರಿಯುದ್ದಕ್ಕೂ ಅವಳೇ ಮಾತಾಡಿದಳು. ಚಳಿ ಜಾಸ್ತಿ ಅಂದಳು. ಯಾರ ಮನೆಯವರು ಅಂತ ಕೇಳಿದಳು. ಉತ್ತರ ಇಲ್ಲ. ಮುದುಕರಿಗೆ ಕಿವಿ ಮಂದ ಅಂದುಕೊಂಡಳು. ಊರ ಚೌಕಕ್ಕೆ ಬಂದು, "ಎಲ್ಲಿ ಇಳಿಸ್ಲಿ ತಾತ?" ಅಂತ ತಿರುಗಿದಳು.

ಹಿಂದೆ ರಿನಿ ಒಬ್ಬಳೇ.

ಪಕ್ಕದ ಸೀಟು ಕೈಯಿಟ್ಟರೆ ನೀರು ಒಸರುವಷ್ಟು ಒದ್ದೆ. ಎಲ್ಲೋ ನಿಧಾನ ಮಾಡಿದಾಗ ಇಳಿದಿರಬೇಕು ಅಂತ ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಬಾಗಿಲ ಹತ್ತಿರ ಕೈ ಹೋದಾಗ ಆ ಸಮಾಧಾನವೂ ಹೋಯಿತು. ಮಗು ತೆಗೆಯಬಾರದು ಅಂತ ಹಿಂದಿನ ಬಾಗಿಲುಗಳಿಗೆ ಅವಳೇ ಬೀಗ ಹಾಕಿದ್ದಳು. ಹೊರಗಿನಿಂದ ತೆರೆಯುತ್ತವೆ. ಒಳಗಿನಿಂದ... ಇಲ್ಲ.

ಅಂದರೆ ಇಳಿದಿರಲಿಲ್ಲ.

ಅತ್ತೆಗೆ ಹೇಳಲಿಲ್ಲ. ಹೇಳಿದರೆ ಬ್ರೇಕಿನ ವಿಷಯ ಬರುತ್ತದೆ, ಬ್ರೇಕಿನ ವಿಷಯ ಬಂದರೆ ನನ್ನನ್ನು ಕೇಳಲಿಲ್ಲ ಅನ್ನುವ ಮಾತು ಬರುತ್ತದೆ. ಸುಮ್ಮನೆ ಗಂಜಿ ಕುಡಿದು ಮಗುವನ್ನು ಮಲಗಿಸಿದಳು. ನಿದ್ದೆ ಬರಲಿಲ್ಲ. ಎಷ್ಟೋ ಹೊತ್ತಿಗೆ ಮಗುವಿನ ಕೋಣೆಯಿಂದ ಕೇಳಿಸಿತು... ಕಿರ್ರ್... ಹಗ್ಗದ ಕುರ್ಚಿ ಭಾರ ಹೊತ್ತಾಗ ಮಾಡುವ ಸದ್ದು. ಎದ್ದು ಹೋಗಿ ಬಾಗಿಲ ಸಂದಿಯಲ್ಲಿ ನಿಂತಳು. ಕುರ್ಚಿ ಹಾಸಿಗೆಯ ಎಡಬದಿಗೆ ಬಂದಿತ್ತು. ಖಾಲಿ. ರಿನಿ ಕಣ್ಣು ಮುಚ್ಚಿಕೊಂಡೇ ಪಿಸುಗುಟ್ಟುತ್ತಿದ್ದಳು.

"ಹ್ಞೂಂ... ನಂಗೂ ಕೇಳಿಸ್ತಿಲ್ಲ."

ಬೆಳಿಗ್ಗೆ ಎಡಗಡೆಯಿಂದ ಕೂಗಿದರೆ ಮಗು ತಿರುಗಲಿಲ್ಲ. ಬಲಗಡೆಯಿಂದ ಕೂಗಿದರೆ ತಿರುಗಿತು. ಶೀತ ಆಗಿರಬೇಕು ಅಂತ ಅರೆತಿ ಕಿವಿಗೆ ಹತ್ತಿ ಇಟ್ಟು ಕರೆದೊಯ್ದಳು. ಮಧ್ಯಾಹ್ನ ಶಿಶುವಿಹಾರದಿಂದ ಫೋನು. ಮಗು ಯಾವ ಮಾತಿಗೂ ಓಗೊಡುತ್ತಿಲ್ಲ, ಗಂಟೆ ಹೊಡೆದರೂ ತಲೆ ಎತ್ತುತ್ತಿಲ್ಲ. ಅರೆತಿ ಬಿಳಿ ಟೊಪ್ಪಿಗೆಯಲ್ಲೇ ಡೈರಿಯಿಂದ ಓಡಿದಳು. ಕಿವಿ ಡಾಕ್ಟರು ಒಳಗೆಲ್ಲ ನೋಡಿದರು. ಪರದೆ ಚೆನ್ನಾಗಿದೆ, ಕೀವಿಲ್ಲ, ಏನಿಲ್ಲ, ದೊಡ್ಡಾಸ್ಪತ್ರೆಗೆ ತೋರಿಸಿ ಅಂದರು. ಅವರು ಮಗುವಿನ ಬೆನ್ನ ಹಿಂದೆ ನಿಂತು ಜೋರಾಗಿ ಚಪ್ಪಾಳೆ ತಟ್ಟಿದಾಗ ಬೆಚ್ಚಿದ್ದು ಅರೆತಿ. ರಿನಿ ಡಾಕ್ಟರ ಮೇಜಿನ ಮೇಲಿನ ಗೊಂಬೆ ನೋಡುತ್ತಾ ಕೂತಿದ್ದಳು.

ಆ ಸಂಜೆ ಚಿನಾರ್ ತಿರುವಿನಲ್ಲಿ ಅರೆತಿ ಹಾರನ್ ಒತ್ತಿದಳು. ಒತ್ತಿದ ಕೈ ತೆಗೆಯಲಿಲ್ಲ. ಮಗು ಎದ್ದೀತು ಅನ್ನುವ ಭಯ ಇನ್ನೆಲ್ಲಿ? ಬೆಳಕು ತಿರುಗಿತು. ರಸ್ತೆ ಖಾಲಿ. ಮರದ ಬುಡ ಖಾಲಿ. ನೀರು ಗುಳುಗುಳು ಅನ್ನುತ್ತಿತ್ತು. ಗೂಡಿನ ದೀಪ ಆರಿತ್ತು. ಅಲ್ಲಿ ಯಾರೂ ಇಲ್ಲ ಅನ್ನುವುದೇ ಅವಳ ಬೆನ್ನಲ್ಲಿ ಚಳಿ ಎಬ್ಬಿಸಿತು. ಅಲ್ಲಿಲ್ಲ ಅಂದರೆ... ಎಲ್ಲಿ?

ಬೆನ್ನ ಹಿಂದೆ ಸೀಟು ಮೆಲ್ಲಗೆ... ಕಿರ್ರ್.

ಮನೆಗೆ ಬಂದವಳೇ ಎಲ್ಲವನ್ನೂ ಅತ್ತೆಯ ಮುಂದೆ ಹೇಳಿದಳು. ಬ್ರೇಕು, ಮುದುಕ, ಒದ್ದೆ ಸೀಟು. ಲಂಬ್ರಿನಿ ಒಲೆಯ ಮುಂದೆ ನಿಂತೇ ಕೇಳಿದಳು. ಕೈಯ ಸೌಟು ನೆಲಕ್ಕೆ ಬಿತ್ತು. ರಿನಿ ಅತ್ತ ನೋಡಲಿಲ್ಲ.

"ಹತ್ತಿಸ್ಕೊಂಡ್ಯಾ?" ಅಂದಳು ಮುದುಕಿ. "ಈ ಮನೇಗೆ ಕರ್ಕೊಂಡು ಬಂದ್ಯಾ ಅವನ್ನ?"

"ಯಾರನ್ನ ಅತ್ತೆ?"

"ಕುರುಬ ಕಿಟ್ಸೋಸನ್ನ." ಮುದುಕಿ ಕುಕ್ಕರಿಸಿ ಕೂತಳು. ಆಮೇಲೆ ಬಂದದ್ದೆಲ್ಲ ಪಿಸುಮಾತಿನಲ್ಲೇ. "ಪೆಟ್ರೋಲ್ ರೇಟಿಗೆ ಬೆಂಕಿ ಬಿದ್ದಿತ್ತಲ್ಲ, ಆ ವರ್ಷಗಳಲ್ಲಿ ಊರವರೆಲ್ಲ ನೆತ್ತಿ ಮೇಲೆ ಇಂಜಿನ್ ಆರ್ಸಿಬಿಡ್ತಿದ್ರು ಕಣೇ. ಊರತನಕ ಪುಕ್ಕಟೆ ಸವಾರಿ. ನಿಮ್ಮಾವನೂ ಹಂಗೇ. ನಾನು ಪಕ್ಕದಲ್ಲೇ ಕೂತಿದ್ದೆ. ಗಾಳಿ ಸದ್ದು ಬಿಟ್ರೆ ಇನ್ನೇನಿಲ್ಲ.... ಕಿಟ್ಸೋಸ್ ನೀರು ಕುಡ್ದು ರಸ್ತೆ ದಾಟ್ತಿದ್ದ. ಬೆನ್ನು ನಮ್ಕಡೆ. ಇಂಜಿನ್ ಆರಿದ್ರೆ ಬ್ರೇಕು ಕಲ್ಲಾಗತ್ತೆ. ನಿಮ್ಮಾವ ಎದ್ದು ನಿಂತು ತುಳಿದ್ರೂ..."

ಅರೆತಿ ಬಿದ್ದ ಸೌಟನ್ನು ಎತ್ತಿ ಒಲೆಯ ಪಕ್ಕ ಇಟ್ಟಳು. ಮುದುಕಿಯ ಪಿಸುಮಾತು ಮುಂದುವರಿಯಿತು.

"ನನ್ನ ತೊಡೆ ಮೇಲೇ ಪ್ರಾಣ ಬಿಟ್ಟ. ಬೈಲಿಲ್ಲ, ಶಾಪ ಹಾಕ್ಲಿಲ್ಲ. 'ನೀವು ಬಂದಿದ್ದು ಕೇಳಿಸ್ಲಿಲ್ಲ' ಅಂದ. ತಪ್ಪು ಅವಂದೇ ಅನ್ನೋ ಹಂಗೆ! ಹಿಂದಿಲ್ಲ ಮುಂದಿಲ್ಲ ಅವನಿಗೆ, ಕೇಳೋರು ಯಾರು? ಬಂಡೆಯಿಂದ ಜಾರಿ ಬಿದ್ದ ಅಂತ ಪೋಲೀಸ್ರಿಗೆ ಹೇಳಿದ್ವಿ. ಊರೆಲ್ಲ ಹ್ಞೂಂ ಅಂತು. ಆಮೇಲಿಂದ ಅಲ್ಲಿ ನಿಲ್ತಾನೆ. ಸದ್ದು ಕೇಳಿದ್ರೆ ಸರೀತಾನೆ. ಅಷ್ಟೇ ಅವನಿಗೆ ಬೇಕಾಗಿರೋದು.... ಅದಕ್ಕೇ ಕಣೇ ನಿನ್ನ ಕಾರಿಗೆ ಆ ಗರಗರ ಅನ್ನೋದನ್ನೇ ಹಾಕ್ಸಿದ್ದು ನಾನು."

"ಮೊದ್ಲೇ ಹೇಳ್ಬಾರ್ದಿತ್ತಾ?" ಅರೆತಿ ಕಿರುಚಿದಳು. ಅತ್ತೆಯ ಮುಂದೆ ಅವಳು ದನಿ ಎತ್ತಿದ್ದು ಅದೇ ಮೊದಲು. ನಮ್ಮ ಮನೆಗೂ ಕೇಳಿಸಿತು. ಅವರ ಮನೆಯಲ್ಲಿ ಕೇಳಿಸದೆ ಇದ್ದವಳು ಒಬ್ಬಳೇ. ಮೇಜಿನ ಕೆಳಗೆ ಕೂತು ಗೊಂಬೆಗೆ ಕಂಬಳಿ ಹೊದೆಸುತ್ತಿದ್ದಳು.

ಮರುದಿನ ಮೂವರೂ ಆರ್ತಾಕ್ಕೆ ಹೋದರು. ಅಪೊಸ್ತೋಲಿಸ್ ರಿನಿಯ ಮುಖ ನೋಡಿದ, ಮುದುಕಿಯ ಮುಖ ನೋಡಿದ. ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

"ಗಟ್ಟಿ ಪ್ಯಾಡು ಇದೆ, ಹಾಕ್ಕೊಡ್ತೀನಿ," ಅಂದ.

"ಹೊಸದು ಬೇಡ," ಅಂದಳು ಲಂಬ್ರಿನಿ. "ಬಿಚ್ಚಿದ್ಯಲ್ಲ, ಅದನ್ನೇ ಹಾಕು. ಅವನಿಗೆ ಆ ಸದ್ದೇ ಗುರುತು."

"ತಲೆ ಕೆಟ್ಟಿದ್ಯಾ ಅಜ್ಜಿ? ಅದರಲ್ಲೇನೂ ಉಳಿದಿಲ್ಲ. ಘಟ್ಟ ಇಳೀವಾಗ ಕೈ ಕೊಟ್ರೆ?"

"ಹಾಕಪ್ಪ."

ಅವನು ಡಬ್ಬವನ್ನು ನೆಲಕ್ಕೆ ಕವುಚಿ ಹುಡುಕಿದ. ಸವೆದ ಅದನ್ನೇ ಮತ್ತೆ ಹಾಕಿದನಂತೆ, ಅವನೇ ನನಗೆ ಹೇಳಿದ್ದು. "ಮೊದಲ ಗೇರಲ್ಲೇ ಇಳಿ. ಇಂಜಿನ್ನೇ ಕಾರನ್ನ ಹಿಡಿದಿರ್ಲಿ," ಅಂತ ಅರೆತಿಗೆ ಮತ್ತೆ ಮತ್ತೆ ಹೇಳಿದ.

ನೆತ್ತಿಗೆ ಬರುವಾಗ ಕತ್ತಲು. ಲಂಬ್ರಿನಿ ಮುಂದೆ, ರಿನಿ ಹಿಂದೆ ಬಲಕ್ಕೆ. ಎಡಗಡೆಯ ಸೀಟಿಗೆ ಯಾರೂ ಕೈ ತಾಗಿಸಲಿಲ್ಲ. ಮೊದಲ ತಿರುವು... ಕೀಂ... ಈಂ... ಮುಂದಿನದು... ಕೀಂ... ಈಂ... ಪ್ರತಿ ಕಿರುಚಾಟಕ್ಕೂ ಹಿಂದೆ ಸ್ಪ್ರಿಂಗು ಕಿರ್ರೆನ್ನುತ್ತಿತ್ತು. ಯಾರೋ ಕೂತಲ್ಲೇ ಮುಂದಕ್ಕೆ ಬಾಗಿ ಕಿವಿಗೊಟ್ಟ ಹಾಗೆ. ಅರೆತಿ ಕನ್ನಡಿ ನೋಡಲಿಲ್ಲ. ನೋಡಿದರೆ ಸ್ಟೇರಿಂಗ್ ಕೈ ತಪ್ಪುತ್ತದೆ ಅಂತ ಅವಳಿಗೆ ಗೊತ್ತಿತ್ತು.

ಚಿನಾರ್ ತಿರುವು. ಒತ್ತಿದಳು. ಕೀಂ... ಅದು ಅರ್ಧಕ್ಕೆ ತುಂಡಾಯಿತು. ಗರ್ರ್ರ್... ಕಬ್ಬಿಣಕ್ಕೆ ಕಬ್ಬಿಣ. ಪ್ಯಾಡು ಮುಗಿದಿತ್ತು. ಇನ್ನೂ ಒತ್ತಿದಳು. ಕಾರು ಅಡ್ಡಕ್ಕೆ ಎಳೆಯಿತು, ಕಣಿವೆಯ ಅಂಚಿನ ಕಡೆಗೆ... ಜಲ್ಲಿಕಲ್ಲು ಚಟಚಟ ಸಿಡಿದವು. ಹ್ಯಾಂಡ್ ಬ್ರೇಕನ್ನು ಎರಡೂ ಕೈಯಲ್ಲಿ ಎಳೆದಳು.

ನಿಂತಿತು. ಗೂಡಿನ ಕಂಬಕ್ಕೆ ತಾಗಿ.

ಲಂಬ್ರಿನಿ ಇಳಿದಳು. ಸುತ್ತಿ ಬಂದು ಹಿಂದಿನ ಎಡ ಬಾಗಿಲನ್ನು ಹೊರಗಿನಿಂದ ತೆರೆದಳು. "ಕಿಟ್ಸೋ," ಅಂದಳು. "ಕೇಳಿಸ್ತಾ? ನಾವು ಬಂದ್ವಿ. ಇಳಿಯಪ್ಪ."

ಏನೂ ಇಲ್ಲ. ಸೀಟು ಅಲುಗಲಿಲ್ಲ. ಇಂಜಿನ್ ಆರಿಹೋಗಿತ್ತು. ಕಾದ ಕಬ್ಬಿಣ ಚಳಿಗೆ ಟಿಣ್... ಟಿಣ್... ಅನ್ನುತ್ತಿತ್ತು.

ಮುದುಕಿ ರಸ್ತೆಗೆ ಮಂಡಿಯೂರಿದಳು. ಬಾಗಿಲೊಳಗೆ ತಲೆ ಹಾಕಿದಳು. ಅರೆತಿಗೆ ಆ ಮಾತು ಕೇಳಿದ್ದೂ ಕಷ್ಟದಿಂದ. "ಆ ಕೂಸಿನ ಕಿವಿ ಯಾಕೋ ನಿಂಗೆ? ನೀನು ಆಡಿದ ಕೊನೇ ಮಾತು ಕೇಳಿಸ್ಕೊಂಡೋಳು ನಾನು. ಕೇಳಿಯೂ ಬಾಯಿ ಮುಚ್ಕೊಂಡೋಳು ನಾನು. ನಂದು ತಗೋ... ನಂದು ತಗೋಳೋ, ಮಗೂನ ಬಿಡು."

ಕಿರ್ರ್... ಸ್ಪ್ರಿಂಗು ಮೇಲೆದ್ದಿತು. ಒದ್ದೆ ಉಣ್ಣೆಯ ವಾಸನೆ ಗಪ್ಪೆಂದು ಬಂದು ಹೋಯಿತು. ಎಲೆಗಳ ಮೇಲೆ ಹೆಜ್ಜೆ... ಚಪ್... ಚಪ್... ಚಪ್... ಮರದ ಕಡೆಗೆ.

"ಅಮ್ಮಾ," ಅಂದಳು ರಿನಿ. "ನೀರು ಬೀಳ್ತಿದೆ."

ಅರೆತಿ ಉಸಿರು ಬಿಗಿಹಿಡಿದು ಮೆಲ್ಲಗೆ ಅಂದಳು, "ರಿನಿ?"

"ಏನಮ್ಮಾ?"

ಅರೆತಿ ಜೋರಾಗಿ ಅತ್ತುಬಿಟ್ಟಳು. ಹಿಂದಕ್ಕೆ ಬಾಗಿ ಮಗುವಿನ ಎರಡೂ ಕಿವಿಗೆ ಮುತ್ತಿಟ್ಟಳು. "ಅತ್ತೆ! ಅತ್ತೆ, ಕೇಳಿಸ್ತಿದೆ ಇವಳಿಗೆ! ಬನ್ನಿ, ಹತ್ತಿ, ಹೋಗೋಣ!"

ಲಂಬ್ರಿನಿ ಎದ್ದು, ಬೆನ್ನು ಹಾಕಿ, ಗೂಡಿನ ದೀಪ ಹಚ್ಚುತ್ತಿದ್ದಳು. ತಿರುಗಲಿಲ್ಲ.

"ಅತ್ತೆ!"

ತಿರುಗಲಿಲ್ಲ. ಅರೆತಿ ಇಳಿದು ಹೋಗಿ ಭುಜ ಮುಟ್ಟಬೇಕಾಯಿತು. ಮುದುಕಿ ಸೊಸೆಯ ತುಟಿಗಳನ್ನೇ ನೋಡಿದಳು. ಆಮೇಲೆ ತನ್ನ ಕಿವಿ ಮುಟ್ಟಿಕೊಂಡು, ಇಲ್ಲ ಅಂತ ತಲೆಯಾಡಿಸಿದಳು. ಮಗುವಿನ ಕಡೆ ನೋಡಿ ನಕ್ಕಳಂತೆ.

ಕಾರನ್ನು ಅಲ್ಲೇ ಬಿಟ್ಟು ನಡೆದು ಬಂದರು. ಅಪೊಸ್ತೋಲಿಸ್ ಮರುದಿನ ಹೋಗಿ ಗಟ್ಟಿ ಪ್ಯಾಡು ಹಾಕಿದ. ಡಿಸ್ಕುಗಳನ್ನೂ ಬದಲಾಯಿಸಬೇಕಾಯಿತು. ಈಗ ಅರೆತಿಯ ಕಾರು ಗರಗರ ಅನ್ನುತ್ತದೆ, ಮೇಲಿಂದ ಅವಳು ಹಾರನ್ ಕೂಡ ಒತ್ತುತ್ತಾಳೆ, ಎರಡಲ್ಲ, ಊರಿಗೆಲ್ಲ ಕೇಳುವ ಹಾಗೆ ಎಷ್ಟೋ ಸಲ. ಲಂಬ್ರಿನಿಗೆ ಮಾತ್ರ ಇವತ್ತಿಗೂ ಏನೂ ಕೇಳುವುದಿಲ್ಲ. ಅತ್ತೆಯ ಮೇಲೆ ಒಳಗೊಳಗೇ ಸಿಡುಕುತ್ತಿದ್ದ ಸೊಸೆ ಈಗ ಅತ್ತೆಯ ಎದುರು ಕೂತು, ಮುಖ ಕಾಣುವ ಹಾಗೆ ನಿಧಾನವಾಗಿ ಮಾತಾಡುತ್ತಾಳೆ.

ಇಷ್ಟನ್ನು ನಾನು ಅವರ ಬಾಯಲ್ಲಿ ಕೇಳಿದ್ದು. ಇನ್ನು ಹೇಳುವುದು ನಾನೇ ಕಂಡದ್ದು.

ಹೋದ ಈಸ್ಟರ್ ಹಬ್ಬ. ಅವರ ಅಂಗಳದಲ್ಲೇ ಕುರಿ ಸುಟ್ಟಿದ್ದರು. ಜಿಸಿಸ್ ರಜೆಯ ಮೇಲೆ ಬಂದಿದ್ದ, ಅಪೊಸ್ತೋಲಿಸನೂ ಇದ್ದ. ಸೂರ್ಯ ಇನ್ನೂ ಮುಳುಗಿರಲಿಲ್ಲ. ಊಟದ ನಡುವೆ ರಿನಿ ತಟ್ಟೆ ಬಿಟ್ಟು ತಲೆ ಎತ್ತಿದಳು.

"ಯಾರೋ ಬರ್ತಿದಾರೆ."

ನಾವೆಲ್ಲ ಕಿವಿಗೊಟ್ಟೆವು. ಬೆಟ್ಟದ ಕಡೆಯಿಂದ ಒಂದು ನರಪಿಳ್ಳೆಯ ಸದ್ದಿಲ್ಲ.

"ಎಲ್ಲಿ ಪುಟ್ಟಿ? ಏನೂ ಕೇಳಿಸ್ತಿಲ್ವಲ್ಲೇ," ಅಂದೆ.

"ಚಿನಾರ್ ಹತ್ರ ನಿಂತ್ರು," ಅಂದಳು. "ಈಗ ಮತ್ತೆ ಹೊರಟ್ರು."

ಅರೆತಿಯ ಕೈ ಬ್ರೆಡ್ಡಿನ ಮೇಲೆ ಹಾಗೇ ನಿಂತಿತು. ಯಾರೂ ಅಗಿಯಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಬಿಳಿಯ ಕಾರೊಂದು ಅಂಗಳದೆದುರಿನ ಚೌಕಕ್ಕೆ ಬಂತು. ಕರೆಂಟಿನದು, ಬಾಡಿಗೆಯದು. ಟೈರಿಗೆ ಜಲ್ಲಿ ಸಿಕ್ಕದಿದ್ದರೆ ಬಂದದ್ದೇ ತಿಳಿಯುತ್ತಿರಲಿಲ್ಲ. ಗಂಡ ಹೆಂಡತಿ ಇಬ್ಬರೇ, ನಮ್ಮ ಕಡೆಯವರಲ್ಲ. ಗಂಡ ಇಳಿದು ನಮಗೆ ಕೈ ಬೀಸಿ ನಕ್ಕ. ಸುತ್ತಿ ಹೋಗಿ ಹಿಂದಿನ ಬಾಗಿಲು ತೆರೆದ. ಮುದುಕರನ್ನು ಇಳಿಸುವಾಗ ಕೈ ಕೊಡುತ್ತೇವಲ್ಲ, ಹಾಗೆ ಒಳಗೆ ಕೈ ಚಾಚಿ ನಿಂತ. ಬಹಳ ಹೊತ್ತು ನಿಂತ.

ಹಿಂದಿನ ಸೀಟಿನಲ್ಲಿ ಯಾರೂ ಇರಲಿಲ್ಲ. ಅಂಗಳದಲ್ಲಿದ್ದವರೆಲ್ಲ ನೋಡಿದ್ದೇವೆ, ನಾನೊಬ್ಬನೇ ಅಲ್ಲ. ಆಗ ಬೆಳಕೂ ಚೆನ್ನಾಗಿತ್ತು.